ಫೋಟೊದ ಮುಂದಿಟ್ಟ ಬೆಲ್ಲ

“ಸತ್ತವ್ರಿಗೂ ಸಕ್ರಿ ಇಡತಾರೇನ್ರಿ ಅಕ್ಕೋರ?” ಸಕ್ಕರೆ ಅಚ್ಚಿನ ಪುಟ್ಟ ತಲೆಬುರುಡೆಗಳನ್ನು ನೋಡುತ್ತ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಕೇಳಿದರು. ಶಿರಗುಪ್ಪಿಯ ನಮ್ಮ ಶಾಲೆಯಲ್ಲಿ ಅಂದು ಬೇರೆ ಬೇರೆ ದೇಶಗಳ ಹಬ್ಬಗಳ ಪ್ರದರ್ಶನ. ನನ್ನ ತರಗತಿಯ ಪಾಲಿಗೆ ಮೆಕ್ಸಿಕೊ ದೇಶದ ‘ಸತ್ತವರ ಹಬ್ಬ’ ಬಂದಿತ್ತು. ಮಕ್ಕಳು ಮೇಜಿನ ತುಂಬ ಚೆಂಡು ಹೂವು ಹರಡಿ, ತಮ್ಮ ಮನೆಗಳಲ್ಲಿ ತೀರಿಕೊಂಡವರ ಫೋಟೊಗಳನ್ನು ಜೋಡಿಸಿದ್ದರು.

“ಹೌದ್ರಿ ಅಜ್ಜಿ. ಅವತ್ತ ಅವ್ರು ಮನಿಗೆ ಬರತಾರಂತ. ಅವ್ರಿಗೆ ಏನ ಸೇರತಿತ್ತೋ ಅದನ್ನ ಇಡತಾರ” ಎಂದೆ.

ಅಜ್ಜಿ ಮನೆಗೆ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಒಂದು ದೊಡ್ಡ ಬೆಲ್ಲದ ತುಂಡು ಕಟ್ಟಿಕೊಂಡು ಬಂದು, ಮೊಮ್ಮಗಳು ಇಟ್ಟಿದ್ದ ತಮ್ಮ ಗಂಡನ ಫೋಟೊದ ಮುಂದಿಟ್ಟರು.

“ಶುಗರ್ ಐತಂತ ಸಿಹಿ ಮುಟ್ಟಗೊಡಲಿಲ್ರಿ. ನಮ್ಮ ಗಾಣದಾಗ ಬೆಲ್ಲ ತಗಿಯೂ ಮುಂದ ಅವ್ರ ಬೆರಳಿಗೆ ಹತ್ತಿದ್ದನ್ನೂ ಸೆರಗಿನಿಂದ ಒರಸಿದ್ದೆ. ಅವ್ರು ಹ್ವಾದ ಮ್ಯಾಲ, ಹಿರ್ಯಾರ ಹಬ್ಬದಾಗ ಎಡಿ ಇಡೂ ಮುಂದನೂ ಹೋಳಿಗಿ ಬದಿಗೆ ಸರಿಸಿಟ್ಟೇನ್ರಿ. ಕೈಗೆ ರೂಢಿ ಆಗಿತ್ತ ನೋಡ್ರಿ. ಈಗ ಅವ್ರಿಗೆ ಎಲ್ಲೀ ಶುಗರ್ರಿ?”

ಬೆಲ್ಲಕ್ಕೆ ಮುತ್ತಿದ ಇರುವೆಗಳನ್ನು ಮಕ್ಕಳು ಓಡಿಸಲು ಹೋದರೆ ಅಜ್ಜಿ ಬಿಡಲಿಲ್ಲ.

ಸಂಜೆ ಮನೆಗೆ ಬಂದು ಅಪ್ಪನಿಗೆ ಚಹಾ ಮಾಡಿದೆ. ಅವರಿಗೂ ಶುಗರ್ ಇದೆ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದೆ. ಮತ್ತೆ ಮುಚ್ಚಿಟ್ಟು, ಸಪ್ಪೆ ಚಹಾವನ್ನೇ ಕೊಟ್ಟೆ. ಅವರು ಎಂದಿನಂತೆ ಅದನ್ನೇ ಕುಡಿದರು.