ಮುಟ್ಟದ ಕಾಫಿ

ಬೊನಿಫಾಸ್ ಮಾಸ್ತರರು ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೋಡುತ್ತಿದ್ದುದು ಪಕ್ಕದವನ ತಟ್ಟೆಯನ್ನು. ಕೋಳಿಯ ಕಾಲು ಯಾರಿಗೆ ಬಿತ್ತು, ಬಡಿಸುವವರು ಯಾವ ಕಡೆಯಿಂದ ಶುರು ಮಾಡಿದರು, ತಮ್ಮೆದುರಿಗೆ ಬರುವಾಗ ಸೌಟಿನಲ್ಲಿ ತುಂಡಿತ್ತೋ ಬರೀ ಗಸಿಯೋ ಎಂಬುದೆಲ್ಲ ಇತ್ಯರ್ಥವಾದ ಮೇಲೆಯೇ ಅವರ ಕೈ ಅನ್ನಕ್ಕೆ ಇಳಿಯುತ್ತಿತ್ತು. ಹೊಟ್ಟೆಬಾಕರೆಂದುಕೊಳ್ಳಬೇಡಿ, ತಿನ್ನುತ್ತಿದ್ದುದು ಹಿಡಿಯಷ್ಟು. ತುಂಡು ತಮ್ಮ ತಟ್ಟೆಗೆ ಬೀಳುವುದನ್ನು ನಾಲ್ಕು ಜನ ನೋಡಿದರೆ ಅವರ ಹೊಟ್ಟೆ ತುಂಬುತ್ತಿತ್ತು.

ಎಂಬತ್ತರ ದಶಕದಲ್ಲಿ ನಾವು ಮೂವರು ಅರಬ್ಬರ ನಾಡಿನಲ್ಲಿ, ದಾರ್ಸೈಟಿನ ಒಂದು ಫ್ಲ್ಯಾಟಿನಲ್ಲಿದ್ದೆವು. ಮಾಸ್ತರರು, ಮಲ್ಪೆಯ ಆನಂದ, ಉಡುಪಿಯ ನಾನು. ಮೂವರಿಗೂ ರೂವಿಯ ಒಂದೇ ಕಂಪನಿಯಲ್ಲಿ ಕೆಲಸ. ನಾನು ಬಿಡಿಭಾಗಗಳ ಸೇಲ್ಸ್, ಆನಂದ ಡ್ರೈವರ್. ಊರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ ಬೊನಿಫಾಸರು ಇಲ್ಲಿ ಪತ್ರವ್ಯವಹಾರದ ಕ್ಲಾರ್ಕು. ಅದಕ್ಕೂ ಮೊದಲು ಪಾದ್ರಿಯಾಗಲು ಹೋಗಿ ಸೆಮಿನರಿಯಲ್ಲಿ ಗ್ರೀಕ್ ಕಲಿತು, ಅರ್ಧಕ್ಕೇ ಬಿಟ್ಟು ಬಂದಿದ್ದರು. ಯಾಕೆ ಬಿಟ್ಟಿರೆಂದು ಕೇಳಿದರೆ, "ಊಟದ ಮೇಜಿನಲ್ಲಿ ನನ್ನನ್ನು ದಾಟಿ ಮುಂದಿನವನಿಗೆ ಬಡಿಸಿದ್ರು ಮಾರಾಯ. ಬೇಕೂಂತಲೇ" ಎನ್ನುತ್ತಿದ್ದರು. ಇಷ್ಟಕ್ಕೇ ಯಾರಾದರೂ ದೇವರನ್ನು ಬಿಡುತ್ತಾರೆಯೇ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಅವರೊಂದಿಗೆ ಬಾಳಿದ ಮೇಲೆ ಹೋಯಿತು.

ಶುಕ್ರವಾರ ರಜೆ. ಆನಂದ ಬಂಗುಡೆ ಹುರಿಯುತ್ತಿದ್ದರೆ ಮಾಸ್ತರರು ಅಡುಗೆಮನೆಯ ಬಾಗಿಲಿಗೆ ಒರಗಿ ಹಳೆಯ ಗ್ರೀಕರ ಯುದ್ಧಕಾವ್ಯದ ಕಥೆ ಹೇಳುತ್ತಿದ್ದರು. ಎಲ್ಲರಿಗಿಂತ ದೊಡ್ಡ ವೀರನೊಬ್ಬ. ಅವನ ಪಾಲಿಗೆ ಬಂದ ಬಹುಮಾನವನ್ನು ರಾಜ ಸೈನ್ಯದ ಮುಂದೆಯೇ ಕಿತ್ತುಕೊಂಡ. ವೀರ ಆಯುಧ ಕೆಳಗಿಟ್ಟು ತನ್ನ ಡೇರೆ ಸೇರಿದ. ಹೊರಗೆ ಅವನ ಕಡೆಯವರೇ ಸಾಯುತ್ತಿದ್ದರೂ ಏಳಲಿಲ್ಲ.

"ಅವರಲ್ಲಿ ಮರ್ಯಾದೆ ಅಂದ್ರೆ ಮನಸ್ಸಿನ ಒಳಗಿನ ವಿಷಯ ಅಲ್ಲ," ಎನ್ನುತ್ತಿದ್ದರು. "ಊಟಕ್ಕೆ ಕೂತಾಗ ಯಾರಿಗೆ ಎಷ್ಟು ದೊಡ್ಡ ತುಂಡು ಕೊಟ್ರು, ಅದೇ ಮರ್ಯಾದೆ. ಕಣ್ಣಿಗೆ ಕಾಣ್ಬೇಕು. ಪ್ರಾಮಾಣಿಕ ಜನ."

"ಆ ವೀರನಿಗೆ ಒಬ್ಬ ದೋಸ್ತಿ ಇದ್ದ ಅಂದ್ರಲ್ಲ ಮಾಸ್ಟ್ರೇ, ಅವ ಎಂತ ಆದ?" ಎಂದು ಆನಂದ ಪ್ರತಿ ಸಲ ಕೇಳುತ್ತಿದ್ದ.

"ವೀರ ಡೇರೆಗೆ ಹೋದ. ಅಲ್ಲಿಗೆ ಕಥೆ ಖಲಾಸ್. ಮೀನು ತಿರುಗಿಸು, ಕರಟ್ತದೆ."

ಅನುಮಾನ ಅಂಟುರೋಗ. ಮ್ಯಾನೇಜರ್ ನಮಸ್ಕಾರಕ್ಕೆ ತಲೆಯಾಡಿಸದೆ ಹೋದರೆ ಮಾಸ್ತರರು ಸಂಜೆವರೆಗೆ ಅದನ್ನು ಅರೆಯುತ್ತಿದ್ದರು, ಮರುದಿನ ನಾನೂ ಅವನ ತಲೆಯನ್ನೇ ನೋಡುತ್ತಿದ್ದೆ. ಆನಂದನಿಗೆ ಮಾತ್ರ ಅದು ತಗಲಲಿಲ್ಲ. ಒಳ್ಳೆಯ ತುಂಡನ್ನು ಮೊದಲು ಮಾಸ್ತರರ ತಟ್ಟೆಗೆ ಹಾಕಿ, ತಾನು ತಲೆಯ ಭಾಗ ಇಟ್ಟುಕೊಂಡು ಸುಖವಾಗಿ ಚೀಪುತ್ತಿದ್ದ. ಇವನಿಗೆ ಇಷ್ಟು ಸಮಾಧಾನ ಎಲ್ಲಿಂದ ಎಂದು ನಾನು ಅದನ್ನೂ ಶಂಕಿಸಿದ್ದೆ.

ಎಣ್ಣೆಯ ಬೆಲೆ ಬಿದ್ದ ಕಾಲ ಬಂತು. ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆಂದು ಸುದ್ದಿಯಾಯಿತು, ಕೆಲವೇ ದಿನಗಳಲ್ಲಿ ಮ್ಯಾನೇಜರ್ ಆನಂದನನ್ನು ಕರೆದು ಊರಿಗೆ ಹೊರಡಲು ಹೇಳಿದ. ಆನಂದನ ಮನೆ ಅರ್ಧ ಕಟ್ಟಿ ನಿಂತಿತ್ತು, ತಂಗಿಯ ಮದುವೆ ನಿಶ್ಚಯವಾಗಿತ್ತು. ಇದನ್ನು ತಡೆಯಬಲ್ಲವರು ಒಬ್ಬರೇ, ನಮ್ಮ ಕಫೀಲ್. ಕಂಪನಿಯ ಒಡೆಯರಾದ ಆ ಮುದುಕರು ಇಬ್ರಾ ಎಂಬ ಊರಿನಲ್ಲಿದ್ದರು. ಅರಬ್ಬಿ ಚೆನ್ನಾಗಿ ಬಲ್ಲ ಮಾಸ್ತರರೇ ಮಾತಾಡುವುದೆಂದು ತೀರ್ಮಾನಿಸಿ, ಈದ್ ಹಬ್ಬದ ಶುಭಾಶಯದ ನೆಪದಲ್ಲಿ ಮೂವರೂ ಹೊರಟೆವು. ಗಾಡಿ ಓಡಿಸಿದವನು ಆನಂದನೇ.

ಮಜ್ಲಿಸ್ ಎಂದರೆ ಅವರ ಬೈಠಕ್ ಕೋಣೆ. ಮಾಸ್ತರರು ನೇರ ಹೋಗಿ ಮುದುಕರ ಪಕ್ಕ ಕುಳಿತರು. ಆನಂದ ಚಪ್ಪಲಿ ಬಿಟ್ಟಲ್ಲೇ, ಬಾಗಿಲ ಬಳಿ ಕುಳಿತ. ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ನೆಲದ ಗುಂಡಿಯಲ್ಲಿ ಬೇಯಿಸಿದ ಆಡಿನ ಮಾಂಸ ಬಂತು. ಮುದುಕರು ಆನಂದನನ್ನು ಕೈಬೀಸಿ ತಟ್ಟೆಯ ಬಳಿಗೆ ಕರೆದು, ಮೆತ್ತಗಿನ ಒಂದು ತುಂಡನ್ನು ಬಿಡಿಸಿ ಎಲ್ಲರಿಗಿಂತ ಮೊದಲು ಅವನ ಮುಂದಿಟ್ಟರು. ನಾನು ಮಾಸ್ತರರ ಮುಖ ನೋಡಿದೆ, ನಮ್ಮ ಕೆಲಸ ಕೆಟ್ಟಿತೆಂದು ಅಲ್ಲೇ ಗೊತ್ತಾಯಿತು.

ಊಟವಾಗಿ ಕಾಫಿ ಬಂತು. ಮಾಸ್ತರರು ಪುಟ್ಟ ಬಟ್ಟಲನ್ನು ತೆಗೆದುಕೊಂಡವರು ತುಟಿಗೆ ತಾಗಿಸದೆ ನೆಲದ ಮೇಲಿಟ್ಟರು. ಸಿಟ್ಟಿಗೆ ಇಟ್ಟದ್ದು. ಆದರೆ ಮಜ್ಲಿಸಿನಲ್ಲಿದ್ದವರೆಲ್ಲ ಆ ಬಟ್ಟಲಿನತ್ತ ತಿರುಗಿದರು. ಮುದುಕರು ನೆಟ್ಟಗೆ ಕುಳಿತು, ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದರು. ಅವರ ಮಗ ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ: ಅತಿಥಿ ಕಾಫಿ ಮುಟ್ಟದೆ ಕೆಳಗಿಟ್ಟರೆ ಅವನಿಗೇನೋ ಬೇಡಿಕೆ ಇದೆ ಎಂದರ್ಥ. ಅದನ್ನು ನಡೆಸಿಕೊಡುವುದು ಮನೆಯವರ ಮರ್ಯಾದೆ. 'ಕುಡಿಯಿರಿ, ಕೇಳಿದ್ದು ಕೊಟ್ಟಂತೆ' ಎಂದು ಅಪ್ಪ ಮಾತು ಕೊಟ್ಟಿದ್ದಾರೆ.

ಕೇಳುವ ಮೊದಲೇ ಸಿಕ್ಕ ವರ. ಮಾಸ್ತರರು ಆನಂದನ ಹೆಸರು ಹೇಳಿದ್ದರೆ ಸಾಕಿತ್ತು.

"ನಾನು ಬೇಡಲಿಕ್ಕೆ ಬಂದವನಲ್ಲ," ಎಂದು ಅವರು ಅರಬ್ಬಿಯಲ್ಲಿ ಹೇಳಿ, ಕಾಫಿ ಕುಡಿದು, ಸಾಕೆಂದು ಬಟ್ಟಲು ಅಲುಗಿಸಿ ಕೊಟ್ಟರು.

ನಾನು ಹಿಂದಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಆನಂದ ನನ್ನ ಮೊಣಕಾಲು ಒತ್ತಿದ. "ಬೇಡ. ಅವರು ಇಲ್ಲ ಅಂದ ಮೇಲೆ ನಾವು ಕೇಳಿದ್ರೆ ಮಾಸ್ಟ್ರು ಸುಳ್ಳುಗಾರ ಆಗ್ತಾರೆ." ನನಗೆ ಇಬ್ಬರ ಮೇಲೂ ಕೆಟ್ಟ ಕೋಪ ಬಂತು.

ಹಿಂದಿರುಗುವ ದಾರಿಯಲ್ಲಿ ಮಾಸ್ತರರು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು: "ನೀನು ಮುದುಕನ ಹತ್ರ ಮೊದಲೇ ಒಳಗಿಂದ ಮಾತಾಡಿದ್ದಿ ಆನಂದ. ಇಲ್ಲದಿದ್ರೆ ಮೊದಲ ತುಂಡು ಡ್ರೈವರಿಗೆ ಯಾಕೆ ಬೀಳ್ತದೆ? ಮತ್ತೆ ನನ್ನನ್ನು ಯಾಕೆ ಕರ್ಕೊಂಡು ಹೋದದ್ದು?"

ಆನಂದ ಗಾಡಿ ಓಡಿಸಿದ. ರಜೆ ಮುಗಿದ ವಾರವೇ ಅವನು ಊರಿಗೆ ಹೋದ. ಹೊರಡುವ ದಿನವೂ ಮಾಸ್ತರರು ಕೋಣೆಯ ಬಾಗಿಲು ತೆಗೆಯಲಿಲ್ಲ. ಆನಂದ ಹುರಿದ ಮೀನು ಮುಚ್ಚಿಟ್ಟು ಹೋಗಿದ್ದ, ಅದನ್ನು ತಿನ್ನಲೂ ಇಲ್ಲ. ಆಮೇಲೆ ನಮ್ಮ ಶುಕ್ರವಾರಗಳಲ್ಲಿ ಕಥೆ ನಿಂತಿತು.

ವರ್ಷಗಳು ಕಳೆದು ಮುದುಕರು ತೀರಿಕೊಂಡ ಮೇಲೆ ಅವರ ಮಗ ಆಫೀಸಿಗೆ ಬಂದ. ಆ ದಿನ ಡ್ರೈವರಿಗೆ ಮೊದಲು ಕೊಟ್ಟದ್ದೇಕೆಂದು ಕೇಳಿಯೇಬಿಟ್ಟೆ. ಅವನಿಗೆ ಆಶ್ಚರ್ಯ. "ಅಪ್ಪ ಯಾವಾಗಲೂ ಬಾಗಿಲ ಬಳಿ ಕುಳಿತವನಿಗೇ ಮೊದಲು ಕೊಡುತ್ತಿದ್ದರು. ತಾನು ಕಡಿಮೆಯವನೆಂದು ಅವನಿಗೆ ಅನ್ನಿಸಬಾರದಲ್ಲ." ಮನೆಗೆ ಬಂದು ಮಾಸ್ತರರಿಗೆ ಹೇಳಿದೆ. ಇದನ್ನು ನನ್ನಿಂದ ಹೇಳಿಸುತ್ತಿರುವವರು ಯಾರೆಂದು ಅವರು ಶಂಕಿಸಿ ಕೇಳುತ್ತಾರೆಂದುಕೊಂಡಿದ್ದೆ. ಕೇಳಲಿಲ್ಲ. ಊಟ ಬೇಡವೆಂದು ಮಲಗಿದರು.

ತೊಂಬತ್ತರ ದಶಕದ ಕೊನೆಗೆ ಅವರು ಕೆಲಸ ಬಿಟ್ಟು ಹೊರಟಾಗ ನಾನು ಸೀಬ್ ವಿಮಾನ ನಿಲ್ದಾಣದವರೆಗೆ ಹೋದೆ. ಚಹಾ ತಂದುಕೊಟ್ಟೆ. ಅವರು ಅದನ್ನು ತುಟಿಗೆ ತಾಗಿಸದೆ ಬೆಂಚಿನ ಮೇಲಿಟ್ಟರು. ಸಕ್ಕರೆ ಕಡಿಮೆಯಾಯಿತೋ, ಎಡಗೈಯಲ್ಲಿ ಕೊಟ್ಟೆನೋ, ಏನು ತಪ್ಪು ಹುಡುಕುತ್ತಿದ್ದಾರೋ ಎಂದು ನನ್ನ ಹಳೆಯ ಶಂಕೆ ಎದ್ದಿತು. ಆಮೇಲೆ ಹೊಳೆಯಿತು.

"ಕುಡೀರಿ ಮಾಸ್ಟ್ರೇ. ಕೇಳಿದ್ದು ಕೊಟ್ಟೆ."

"ನೀನು ರಜೆಗೆ ಬಂದಾಗ ನನ್ನನ್ನು ಆನಂದನ ಮನೆಗೆ ಕರ್ಕೊಂಡು ಹೋಗು," ಎಂದರು. "ಒಬ್ಬನೇ ಹೋಗಲಿಕ್ಕೆ ಧೈರ್ಯ ಇಲ್ಲ. ಬಾಗಿಲು ತೆಗೀತಾನೋ ಇಲ್ವೋ." ಚಹಾ ಕುಡಿದು ಮುಗಿಸಿ ಮತ್ತೆ ಹೇಳಿದರು: "ಆ ಕಥೆಯ ದೋಸ್ತಿ ಸಾಯ್ತಾನೆ ಮಾರಾಯ. ವೀರ ಡೇರೆಯಿಂದ ಏಳಲಿಲ್ಲ ಅಂತ ಅವನ ಬದಲಿಗೆ ಯುದ್ಧಕ್ಕೆ ಹೋಗಿ ಸಾಯ್ತಾನೆ. ಆನಂದನಿಗೆ ಅದನ್ನು ಹೇಗೆ ಹೇಳುದು?"

ನಾನು ರಜೆಗೆ ಹೋಗುವಷ್ಟರಲ್ಲಿ ಮಾಸ್ತರರು ಇರಲಿಲ್ಲ. ಎದೆನೋವಿನಲ್ಲಿ ಹೋದರೆಂದು ತಿಳಿಯಿತು. ಕೊಟ್ಟ ಮಾತಿನ ಅರ್ಧವನ್ನಾದರೂ ನಡೆಸೋಣವೆಂದು ಮಲ್ಪೆಗೆ ಒಬ್ಬನೇ ಹೋದೆ. ಆನಂದನ ಮನೆಗೆ ಇನ್ನೂ ಗಾರೆಯಾಗಿರಲಿಲ್ಲ. ನಾನು ಬಾಗಿಲ ಬಳಿಯೇ ಕುಳಿತೆ. ಅವನು ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿ, ಮಾಸ್ತರರ ಸುದ್ದಿ ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ: "ಆ ಕಥೆಯ ದೋಸ್ತಿ ಕಡೆಗೆ ಎಂತ ಆದ? ಮಾಸ್ಟ್ರು ಹೇಳ್ಲೇ ಇಲ್ಲ."

"ಅವ ಉಳಿದ," ಎಂದೆ.