ತಿರುವಿನಲ್ಲಿ ತೂತಾದ ಮರಿಗೆ

ಕೆಲಸ ಮಾಡುವುದಕ್ಕಿಂತ ಎಲ್ಲಿ ಕೈ ನಿಲ್ಲಿಸಬೇಕೆಂದು ತಿಳಿಯುವುದೇ ಮನುಷ್ಯನಿಗೆ ದೊಡ್ಡ ವಿದ್ಯೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ರೊಟ್ಟಿ ಹಿಟ್ಟಿಗೆ ಹೊಯ್ದ ಕುದಿಯುವ ಎಸರು ಒಬ್ಬ ಹೆಂಗಸಿನ ಕಾಲ ಮೇಲೆ ಸೋರಿದ ಮೇಲೆ.

1998ರಲ್ಲಿ ನಾನು ಹರಪನಹಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ಮರಗೆಲಸದ ಬೋಧಕನಾಗಿದ್ದೆ. ಹನ್ನೊಂದು ವರ್ಷದ ಸೇವೆಯಲ್ಲಿ ಲೇತಿನ, ಅಂದರೆ ಮರವನ್ನು ಗಿರಗಿರನೆ ತಿರುಗಿಸುವ ಯಂತ್ರದ ಮೇಲೆ ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆಗಳನ್ನು ಬೇಕಾದಷ್ಟು ತಿರುವಿದ್ದೆ. ಅವೆಲ್ಲ ಹೊರಮೈ ಕೆಲಸ. ಮರದ ಒಳಗೆ ತೋಡುವ ಕೆಲಸವನ್ನು ಒಮ್ಮೆಯೂ ಮಾಡಿರಲಿಲ್ಲ. ಆದರೆ ಬೋಧಕನಿಗೆ ಬಾರದ ಕೆಲಸ ಇರಬಾರದೆಂಬುದು ನಾನೇ ಹೊರಡಿಸಿ, ನಾನೊಬ್ಬನೇ ಪಾಲಿಸುತ್ತಿದ್ದ ಸುತ್ತೋಲೆ.

ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ ಹಾಲಮ್ಮ ನನ್ನ ಎರಡು ಹೊತ್ತಿನ ಅನ್ನದಾತೆ. ಒಂದು ದಿನ ಅವರು ಹುಣಸೆಯ ದಿಮ್ಮಿಯೊಂದನ್ನು ತಂದರು. ಅದರಲ್ಲಿ ಹಿಟ್ಟು ನಾದುವ ಮರಿಗೆ, ಅಂದರೆ ಅಗಲ ಬಾಯಿಯ ಮರದ ಬೋಗುಣಿ ಆಗಬೇಕಿತ್ತು. ಅದೇ ತಾಲ್ಲೂಕಿನ ಅರಸೀಕೆರೆಯ ತವರಿನ ಹೊಲದಲ್ಲಿ ಬಿದ್ದ ಮರವನ್ನು ಅಣ್ಣಂದಿರು ಹಂಚಿಕೊಂಡಾಗ ತಂಗಿಗೆ ಕೊಟ್ಟ ತುಂಡು ಅದು. ಮೂರು ವರ್ಷ ಅಟ್ಟದ ಮೇಲೆ ಒಣಗಿತ್ತು.

“ತವರಿಂದ ನನಗ ಬಂದಿದ್ದು ಇದೊಂದ ಐತ್ರಿ ಮೇಷ್ಟ್ರೇ. ನಿಮ್ಮ ಕೈಲೆ ಆಗದಿದ್ರ ಈಗ ಹೇಳಿಬಿಡ್ರಿ. ಕೊಟ್ಟೂರಾಗ ಒಬ್ಬ ಮುದುಕ ಅದಾನ, ಬಾಚೀಲೆ ಕೆತ್ತಿ ಕೊಡ್ತಾನ.”

ಯಂತ್ರವಿರುವಾಗ ಬಾಚಿ ಏಕೆಂದು ನಕ್ಕೆ.

ದಿಮ್ಮಿಯನ್ನು ಫೇಸ್‌ಪ್ಲೇಟ್ ಎಂಬ ಕಬ್ಬಿಣದ ತಟ್ಟೆಗೆ ಸ್ಕ್ರೂ ಹಾಕಿ ಬಿಗಿದು ಲೇತಿಗೆ ಏರಿಸಿದೆ. ಹನ್ನೆರಡು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರ. ಹೊರಮೈ ಸೊಗಸಾಗಿ ದುಂಡಗೆ ಬಂತು. ಆಮೇಲೆ ಗೌಜ್, ಅಂದರೆ ಗುಂಡುಬಾಯಿಯ ಉಳಿ ಹಿಡಿದು ಒಳಗೆ ತೋಡಿದೆ. ಅಂಚಿನ ದಪ್ಪ ಅರ್ಧ ಅಂಗುಲ, ನಡುತಳದ ದಪ್ಪ ಮುಕ್ಕಾಲು. ಎರಡನ್ನೂ ಅಳೆದು ತೃಪ್ತನಾದೆ. ಪಕ್ಕೆಯು ತಳಕ್ಕೆ ಹೊರಳುವ ತಿರುವನ್ನು ಮಾತ್ರ ಅಳೆಯಲಿಲ್ಲ. ಹೊರಗೆ ಚೆಂಡಿನಂತಿದ್ದ ತಿರುವು ನನ್ನ ಕೈಯಲ್ಲಿ ಒಳಗೆ ಡಬ್ಬಿಯ ಮೂಲೆಯಂತಾಗಿತ್ತು. ಅಲ್ಲಿ ಮರ ತೆಳುವಾದಂತೆ ಉಳಿಯ ಸದ್ದೂ ತೆಳ್ಳಗಾಯಿತು. ಕೇಳಿಸಿತು. ಆದರೂ ಇನ್ನೊಂದು ಸಲ ಎಳೆದರೆ ನುಣುಪಾದೀತೆಂದು ಎಳೆದೆ. ಯಂತ್ರ ನಿಲ್ಲಿಸಿ ನೋಡಿದರೆ ಹೆಬ್ಬೆರಳಗಲದ ತೂತು.

ಖಾನಾವಳಿ ಮುನ್ನೂರು ಹೆಜ್ಜೆ ದೂರ. ಹೋಗಿ ಹೇಳಬಹುದಿತ್ತು. ಬದಲಿಗೆ ಹುಣಸೆಯ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿ, ಮರಳುಕಾಗದದಿಂದ ಉಜ್ಜಿ, ಎಣ್ಣೆ ಸವರಿದೆ. ತೂತಿದ್ದ ಜಾಗ ನನಗೇ ಸಿಗದಾಯಿತು. ಇಡೀ ಕೆಲಸದಲ್ಲಿ ನಿಜವಾದ ಕುಶಲತೆ ಕಂಡದ್ದು ಅಲ್ಲೊಂದೇ ಕಡೆ. ಹಾಲಮ್ಮ ಮರಿಗೆಗೆ ಅರಿಶಿನ ಕುಂಕುಮ ಹಚ್ಚಿ ನನಗೆ ಶೇಂಗಾ ಹೋಳಿಗೆ ಬಡಿಸಿದರು. ಮೂರು ತಿಂದೆ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ಯದೆ ರೊಟ್ಟಿ ಬಡಿಯಲಾಗದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮರದ ಗೋಂದು ಬಿಸಿನೀರಿಗೆ ತಾಳದೆಂದು ನಾನೇ ಪಾಠ ಹೇಳುತ್ತಿದ್ದೆ. ಈ ಎರಡು ಜ್ಞಾನಗಳಿಗೆ ನನ್ನ ತಲೆಯೊಳಗೆ ಪರಸ್ಪರ ಪರಿಚಯವಿರಲಿಲ್ಲ. ನಾಲ್ಕನೆಯ ದಿನ ನಾನು ತುಂಬಿದ್ದ ಬಿರಡೆ ಕಳಚಿ, ಎಸರು ಹಾಲಮ್ಮನ ಎಡಗಾಲ ಮೇಲೆ ಹರಿಯಿತು.

ಸುದ್ದಿ ಕೇಳಿ ಹೋದೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆಯೇ ಕುಳಿತಿದ್ದರು. ಬೇರೆ ಮರದಲ್ಲಿ ಮಾಡಿಕೊಡುತ್ತೇನೆಂದು ತೊದಲಿದೆ.

“ತೂತು ಬಿದ್ದಿದ್ದಕ್ಕ ನಾ ಏನೂ ಅನ್ನಂಗಿಲ್ರಿ. ಕೈ ತಪ್ಪತೈತಿ. ಮುಚ್ಚಿ ಕೊಟ್ರಲ್ಲ ಮೇಷ್ಟ್ರೇ, ನಿಮ್ಮ ಹುಡುಗ್ರಿಗೂ ಹಿಂಗ ಕಲಿಸ್ತೀರೇನು?”

ನಾನು ಬಾಗಿಲ ಕಡೆ ತಿರುಗಿದೆ.

“ಕುಂದ್ರಿ, ರೊಟ್ಟಿ ಆರತಾವ,” ಎಂದು ತಟ್ಟೆ ಸರಿಸಿದರು. ಬೈದಿದ್ದರೆ ಸುಲಭವಿತ್ತು.

ಉಳಿಯ ಸದ್ದು ಬದಲಾದರೆ ಯಂತ್ರ ನಿಲ್ಲಿಸಿ ತಿರುವನ್ನು ಅಳೆಯಬೇಕು. ತೂತು ಬಿದ್ದರೆ ಮರದ ಒಡೆಯರಿಗೆ ತೋರಿಸಬೇಕು. ನಿವೃತ್ತಿಯಾಗುವವರೆಗೆ ಇವೆರಡನ್ನೂ ಕಲಿಸಿದೆ. ಎರಡನೆಯದನ್ನು ಹೇಳುವಾಗ, ಹಿಂದೆ ಯಾರೋ ಒಬ್ಬ ಬೋಧಕ ತೂತು ಮುಚ್ಚಿ ಕೊಟ್ಟಿದ್ದನಂತೆ ಎನ್ನುತ್ತಿದ್ದೆ.

ಹಾಲಮ್ಮನ ಕಾಲು ಹದಿನೆಂಟು ದಿನಕ್ಕೆ ವಾಸಿಯಾಯಿತು. ತೂತು ಮರಿಗೆಯನ್ನು ಎಸೆಯದೆ ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟರು.