ನಮ್ಮ ಡ್ರೈವರು ಓಡಿಸಿದ ಒಂಬೈನೂರ ನಲವತ್ತು ಕಿಲೋಮೀಟರು

ಅವರ ಬೆಲ್ಟಿನ ಬಕಲ್ ಎಲ್ಲರಂತೆ ಹೊಟ್ಟೆಯ ಮುಂದೆ ಇರುತ್ತಿರಲಿಲ್ಲ, ಎಡ ಸೊಂಟದ ಮೇಲೆ ಇರುತ್ತಿತ್ತು. ಹೊಸಬರು ನೋಡಿದರೆ, ಪಾಪ, ಅವಸರದಲ್ಲಿ ಪ್ಯಾಂಟು ಓರೆಯಾಗಿ ಹಾಕಿಕೊಂಡು ಬಂದಿದ್ದಾರೆ ಅಂದುಕೊಳ್ಳಬೇಕು. ಕಾರು ಒರೆಸಲು ಬಗ್ಗಿದಾಗ ಬಕಲ್ ತಗುಲಿ ಬಣ್ಣಕ್ಕೆ ಗೀರು ಬೀಳಬಾರದೆಂದು ಅವರು ಅದನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಅದೇ ಅಭ್ಯಾಸವಾಗಿ, ಮದುವೆ ಮನೆಗೆ ಬಂದರೂ ಬಕಲ್ ಪಕ್ಕದಲ್ಲೇ. ಕಾರಿಗೆ ಕೈಹಾಕುವ ಮೊದಲು ವಾಚು ಬಿಚ್ಚಿ ಅಂಗಿಯ ಜೇಬಿಗೆ ಹಾಕುತ್ತಿದ್ದರು. ಬೆರಳಿನ ಬೆಳ್ಳಿ ಉಂಗುರ ಕಳಚಿ ಬರುತ್ತಿರಲಿಲ್ಲ, ಅದಕ್ಕೊಂದು ಬಟ್ಟೆಯ ಚೂರು ಸುತ್ತಿಕೊಳ್ಳುತ್ತಿದ್ದರು.

ಹತ್ತೊಂಬತ್ತು ವರ್ಷ ಅವರು ನಮ್ಮ ಮನೆಯ ಡ್ರೈವರಾಗಿದ್ದರು. ನಮ್ಮ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಅವರದು ಭದ್ರಾವತಿಯಲ್ಲಿ. ಅವರ ತಂದೆ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಅಲ್ಲೇ ನಿಂತವರು. ಇವರು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಊಟದ ಡಬ್ಬಿ ತರುತ್ತಿದ್ದರು. ನಾನು ಬಿಸಿ ಸಾರು ಕೊಟ್ಟರೆ ಹಾಕಿಸಿಕೊಳ್ಳುತ್ತಿದ್ದರು, ಅನ್ನ ಕೊಟ್ಟರೆ ಬೇಡ. "ಮನೇಲಿ ಅವಳು ಕೇಳ್ತಾಳಮ್ಮಾ, ಡಬ್ಬಿ ಯಾಕೆ ಹಾಗೇ ವಾಪಸ್ ಬಂತು ಅಂತ." ಮಾತು ಕಡಿಮೆ. ಏನು ಹೇಳಿದರೂ "ಆಗುತ್ತಮ್ಮಾ" ಎನ್ನುತ್ತಿದ್ದರು. ಆಗದ ಕೆಲಸಕ್ಕೂ ಮೊದಲು "ಆಗುತ್ತಮ್ಮಾ" ಎಂದು, ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಕಷ್ಟ" ಎನ್ನುತ್ತಿದ್ದರು.

ನಮ್ಮ ಯಜಮಾನರು ಪೈಪು, ನಲ್ಲಿ, ಟೈಲ್ಸ್ ಮಾರುವ ಅಂಗಡಿ ಇಟ್ಟಿದ್ದರು. ಐವತ್ತು ದಾಟಿದ ಮೇಲೆ, ಯಾರಿಗೂ ಹೇಳದೆ, ಬೆಂಗಳೂರಿಗೆ ಹೋಗಿ ಒಂದು ಸ್ಪೋರ್ಟ್ಸ್ ಕಾರು ತಂದರು. ಕಡುನೀಲಿ ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿತ್ತು. ಗೇಟಿನ ಮುಂದೆ ಬಂದು ನಿಂತಾಗ ಎದುರಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬಿಟ್ಟು ಓಡಿ ಬಂದು, "ಅಕ್ಕಾ, ಇದ್ರಲ್ಲಿ ಕೂರೋದಾ, ಮಲಗೋದಾ?" ಎಂದು ಕೇಳಿದ. ಡ್ರೈವರು ಒಂದು ಸುತ್ತು ಬಂದು, ಒಳಗೆ ಬಗ್ಗಿ ನೋಡಿ, "ಸಾರ್, ನೀವು ಕೂತು ಅಮ್ಮ ಕೂತ್ರೆ ಆಯ್ತಲ್ಲ. ನನ್ನ ಕೆಲಸ ಹೋಯ್ತು ಅನ್ನಿ" ಎಂದರು. ಯಜಮಾನರು ನಕ್ಕು, "ನಿನ್ನ ಕೆಲಸ ಹೋಗಲ್ಲ ಮಾರಾಯ. ಹಂಪ್ ದಾಟಿಸೋಕೆ ನೀನೇ ಬೇಕು" ಎಂದರು.

ಆ ಮಾತು ನಿಜವೂ ಆಯಿತು. ನಮ್ಮ ಊರಿನ ರಸ್ತೆಯುಬ್ಬುಗಳು ಅಂಥ ಕಾರಿಗೆಂದು ಮಾಡಿದವಲ್ಲ. ಡ್ರೈವರು ಒಂದು ದಿನ ನಮ್ಮ ಮನೆಯಿಂದ ನವುಲೆಯವರೆಗೆ ನಡೆದೇ ಹೋಗಿ, ಯಾವ ಉಬ್ಬು ಎಷ್ಟು ಎತ್ತರ ಎಂದು ಗೇಣು ಹಾಕಿ ನೋಡಿಕೊಂಡು ಬಂದರು. ಮೊದಲ ಕೆಲವು ದಿನ ಅವರು ಅಂಗಡಿಯ ಸ್ಕೂಟರಿನಲ್ಲಿ ಮುಂದೆ, ಯಜಮಾನರು ಕಾರಿನಲ್ಲಿ ಹಿಂದೆ. ಉಬ್ಬು ಬಂದಲ್ಲಿ ಇವರು ಇಳಿದು, ರಸ್ತೆಯ ಮೇಲೆ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗಿಸಿ ಕಾರಿನ ಹೊಟ್ಟೆ ನೋಡುತ್ತ, "ಓರೆ ಬನ್ನಿ ಸಾರ್, ಓರೆ, ಇನ್ನೂ ಓರೆ" ಎಂದು ಕೈ ಆಡಿಸುವರು. ಹಿಂದೆ ಬಸ್ಸು ಆಟೋಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ನನಗೆ ನಾಚಿಕೆಯಾಗಿ ಸೆರಗು ಹೊದ್ದು ಕೂರುತ್ತಿದ್ದೆ. ತ್ಯಾವರೆಕೊಪ್ಪಕ್ಕೆ ಒಮ್ಮೆ ಹೋದೆವು. ಸಿಂಹ ನೋಡಲು ಬಂದ ಶಾಲೆಯ ಮಕ್ಕಳೆಲ್ಲ ನಮ್ಮ ಕಾರಿನ ಸುತ್ತ ನಿಂತರು. ಯಜಮಾನರಿಗೆ ಆ ದಿನ ಆದಷ್ಟು ಖುಷಿಯನ್ನು ನಾನು ಬೇರೆ ದಿನ ಕಂಡಿಲ್ಲ.

ಅದಾಗಿ ಎರಡು ವರ್ಷಕ್ಕೆ ಅವರು ಅಂಗಡಿಯಲ್ಲಿ ಕೂತಲ್ಲೇ ಕುಸಿದರು. ಮನೆಯ ಹಳೆಯ ಬಿಳಿ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವರು ಡ್ರೈವರೇ. ವಾಪಸ್ ಬಂದು ನನ್ನ ಮುಂದೆ ನಿಂತವರೂ ಅವರೇ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ನಾನು ಅವರನ್ನು ಕರೆದು ಹೇಳಿದೆ: "ಆ ನೀಲಿ ಕಾರನ್ನ ಶೆಡ್ಡಿಗೆ ಹಾಕಿ ಮುಚ್ಚಿಬಿಡಿ. ಅದರ ಸದ್ದು ನನ್ನ ಕಿವಿಗೆ ಬೀಳಬಾರದು. ಅದರ ಮಾತೂ ನನ್ನ ಹತ್ರ ಎತ್ತಬೇಡಿ."

"ಬೀಳಲ್ಲಮ್ಮಾ" ಎಂದರು.

ಎರಡು ವರ್ಷ ಬೀಳಲಿಲ್ಲ. ನಾನು ಶೆಡ್ಡಿನ ಕಡೆ ಹೋಗುತ್ತಲೂ ಇರಲಿಲ್ಲ. ಬಿಳಿ ಕಾರಿನಲ್ಲಿ ಅಂಗಡಿಗೆ, ಬ್ಯಾಂಕಿಗೆ, ಮಠಕ್ಕೆ ಅವರು ಕರೆದುಕೊಂಡು ಹೋಗುತ್ತಿದ್ದರು. ತಿಂಗಳ ಮೊದಲ ಸೋಮವಾರ ಮಾತ್ರ ಅವರಿಗೆ ರಜೆ. ಯಜಮಾನರ ಸಮಾಧಿ ಶಿಕಾರಿಪುರದ ಕಡೆ, ಅವರ ಹಿರಿಯರ ಹೊಲದಲ್ಲಿದೆ. ಅಲ್ಲಿಗೆ ಮನೆಯವರೇ ಹೋಗಬೇಕೆಂದು ನನ್ನ ತಮ್ಮ ಬಿಳಿ ಕಾರು ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದೆವು.

ಕಾರು ಮಾರಿಬಿಡೋಣ ಎಂದು ನಾನೇ ತಮ್ಮನಿಗೆ ಹೇಳಿದೆ. ಅವನು ಮೊಬೈಲಿನಲ್ಲಿ ಜಾಹೀರಾತು ಹಾಕಿದ: ಒಬ್ಬರೇ ಓನರ್, ಚೆನ್ನಾಗಿ ನೋಡಿಕೊಂಡ ಗಾಡಿ, ಓಡಿರುವುದು ನಾಲ್ಕು ಸಾವಿರದ ಎಂಟುನೂರ ಅರವತ್ತು ಕಿಲೋಮೀಟರ್. ಜೊತೆಗೆ ಮೀಟರಿನ ಫೋಟೋ. ಆ ಫೋಟೋ ಯಜಮಾನರು ತೀರಿಕೊಂಡ ತಿಂಗಳು ಕಾಗದಪತ್ರದ ಕೆಲಸಕ್ಕೆಂದು ಅವನೇ ತೆಗೆದದ್ದು. ಕಾರು ಕದಲಿಲ್ಲವಲ್ಲ, ಇನ್ನೇನು ಬದಲಾಗಿರುತ್ತದೆ ಎಂದು ಅವನು ಹೊದಿಕೆ ತೆಗೆದು ನೋಡಲಿಲ್ಲ. ನಾನೂ ನೋಡು ಎನ್ನಲಿಲ್ಲ. ಡ್ರೈವರಿಗಂತೂ ಯಾರೂ ಏನೂ ಕೇಳಲಿಲ್ಲ.

ದಾವಣಗೆರೆಯಿಂದ ಒಬ್ಬರು ನೋಡಲು ಬಂದರು. ಸುಮಾರು ಮೂವತ್ತೈದರ ಗೃಹಸ್ಥ, ಜೊತೆಗೆ ಅವರ ಮೆಕ್ಯಾನಿಕ್, ಗಡ್ಡ ನರೆತ ಸಾಹೇಬರು. ಡ್ರೈವರು ಶೆಡ್ಡಿನಿಂದ ಕಾರನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದರು. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗಲೇ ನನ್ನ ಮನಸ್ಸು ಸರಿಯಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಹೇಳಿಕೊಂಡು ಏನು ಪ್ರಯೋಜನ.

ಆ ಗೃಹಸ್ಥ ಒಳಗೆ ಕೂತು ಮೀಟರ್ ನೋಡಿ, ಮೊಬೈಲ್ ತೆಗೆದು ಫೋಟೋ ನೋಡಿ, ನಗಲು ಶುರುಮಾಡಿದರು. "ಏನಕ್ಕಾರೆ, ಫೋಟೋದಾಗೆ ನಾಕು ಸಾವಿರದ ಎಂಟ್ನೂರಾ ಅರವತ್ತು ಐತಿ, ಇಲ್ಲಿ ಐದು ಸಾವಿರದ ಎಂಟ್ನೂರು ಐತಲ್ಲ! ಶೆಡ್ಡಿನಾಗೇ ಅಡ್ಡಾಡೈತೇನು ನಿಮ್ಮ ಗಾಡಿ?"

ತಮ್ಮನ ಮುಖ ಕಪ್ಪಾಯಿತು. ಫೋನಿನಲ್ಲಿ ಅವನು ಒಂದು ಕಿಲೋಮೀಟರೂ ಹೆಚ್ಚಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದ. "ಯಾರು ಓಡಿಸಿದ್ದು?" ಎಂದು ಕೂಗಿದ.

ಡ್ರೈವರು, "ನಾನೇ" ಎಂದರು.

ಇಸ್ತ್ರಿಯವನು, ಪಕ್ಕದ ಮನೆಯ ಟೀಚರು, ಹೂವಿನವಳು, ಎಲ್ಲರೂ ರಸ್ತೆಯಲ್ಲಿ ನಿಂತು ಕಾರು ನೋಡುತ್ತಿದ್ದರು. ನಾನು ಮೆಟ್ಟಿಲಿಳಿದು ಹೋದೆ. ಹತ್ತೊಂಬತ್ತು ವರ್ಷ ಅವರಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

"ಎಲ್ಲಿಗೆ ಹೋಗಿದ್ದೆ ನೀನು ಇದನ್ನ ತಗೊಂಡು?"

"ಭದ್ರಾವತಿ ತನಕ ಅಮ್ಮಾ. ಅದು ನಿಲ್ಲಿಸೇ ಬಿಟ್ರೆ..."

"ಭದ್ರಾವತಿಗಾ? ನಿನ್ನ ಹೆಂಡ್ತಿ ಮಕ್ಕಳನ್ನ ಮೆರೆಸೋಕೆ ಸತ್ತವರ ಕಾರು ಬೇಕಿತ್ತಾ? ಕಳ್ಳತನ ಅಲ್ವಾ ಇದು?"

ಅವರು ಏನೋ ಹೇಳಲು ಬಾಯಿ ತೆರೆದರು. ನಾನು "ಸಾಕು" ಎಂದೆ. ಅವರು ಜೇಬಿನಿಂದ ಕೀ ತೆಗೆದರು. ಬಾನೆಟ್ಟಿನ ಮೇಲೆ ಇಡಲಿಲ್ಲ, ಗೀರು ಬೀಳುತ್ತದಲ್ಲ. ಬಗ್ಗಿ, ಮನೆಯ ಮೆಟ್ಟಿಲಿನ ಮೇಲೆ ಇಟ್ಟರು. ಒಳಗೆ ಹೋಗಿ ಡಬ್ಬಿಯ ಚೀಲ ತಗೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಮೆಕ್ಯಾನಿಕ್ ಸಾಹೇಬರು ಈ ಗಲಾಟೆಗೆ ತಲೆ ಹಾಕಿರಲಿಲ್ಲ. ಅವರು ಬ್ಯಾಟರಿ ನೋಡಿದರು, ಟೈರುಗಳನ್ನು ಅಂಗೈಯಿಂದ ಸವರಿ ಸವರಿ ನೋಡಿದರು, ಕೆಳಗೆ ನುಸುಳಿ ಟಾರ್ಚು ಬಿಟ್ಟು ನೋಡಿದರು. ಎದ್ದು ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು: "ಈಗ ಹೋದ್ರಲ್ಲ, ಅವ್ರೇನಾ ಇದನ್ನ ನೋಡ್ಕೊಂಡಿದ್ದು?"

"ಹೌದು" ಎಂದೆ.

"ಎರಡು ವರ್ಷ ಸುಮ್ನೆ ನಿಂತಿದ್ರೆ ಅಮ್ಮಾವ್ರೆ, ಟೈರು ಚಪ್ಪಟೆ ಆಗಿರೋದು, ಬ್ರೇಕ್ ತುಕ್ಕು ಹಿಡಿದಿರೋದು, ವೈರೆಲ್ಲ ಇಲಿ ಕಡಿದಿರೋದು. ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೂ ಆಗಲ್ಲ. ಇಂಜಿನ್ ಆಯಿಲ್ ಪೂರ್ತಿ ಬಿಸಿಯಾಗೋ ಹಂಗೆ ಹೈವೇಲಿ ಒಂದಷ್ಟು ದೂರ ಓಡಿಸ್ಬೇಕು, ತಿಂಗಳಿಗೊಂದ್ಸಲ ಆದ್ರೂ. ಲೆಕ್ಕ ಹಾಕಿ ನೋಡಿ, ಸರಿ ಹೋಗುತ್ತೆ. ಒಳಗಡೆ ನುಸಿಗುಳಿಗೆ ಬೇರೆ ಕಟ್ಟಿದ್ದಾರೆ." ಆಮೇಲೆ ಆ ಗೃಹಸ್ಥರ ಕಡೆ ತಿರುಗಿ, "ತಗೊಳ್ಳಿ, ಕಣ್ಮುಚ್ಕೊಂಡು ತಗೊಳ್ಳಿ" ಎಂದರು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬರಲು ನಲವತ್ತು ಕಿಲೋಮೀಟರಿನ ಹತ್ತಿರ. ಎರಡು ವರ್ಷಕ್ಕೆ ಇಪ್ಪತ್ನಾಲ್ಕು ತಿಂಗಳು. ನಾನು ಪಿಯುಸಿಯವರೆಗೆ ಓದಿದವಳು, ಅಷ್ಟು ಲೆಕ್ಕಕ್ಕೆ ಸಾಕು.

ಅವರು ಹೋಗಿ ಆಗ ಅರ್ಧ ಗಂಟೆಯೂ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಇರುತ್ತಿದ್ದರು. ತಮ್ಮನನ್ನು ಕಳಿಸಬಹುದಿತ್ತು, ನಾನೇ ಹೋಗಬಹುದಿತ್ತು. ಮನೆಯಲ್ಲಿ ಜನ ಕೂತಿದ್ದಾರೆ, ವ್ಯಾಪಾರ ಮುಗಿಯಲಿ, ನಾಳೆ ಹೋದರಾಯಿತು ಎಂದುಕೊಂಡೆ. ಒಳಗೆ ಹೋಗಿ ಬಂದವರಿಗೆ ಅವಲಕ್ಕಿ ಕಲಸಿದೆ.

ಮಾರನೆಯ ದಿನ ಇಸ್ತ್ರಿಯವನು ಬಟ್ಟೆ ಕೊಡಲು ಬಂದಾಗ ನನ್ನ ಮುಖ ನೋಡದೆ ಹೇಳಿದ: "ನಾವು ನೋಡ್ತಿದ್ವಲ್ಲ ಅಕ್ಕ. ನೀವು ಊರಿಗೆ ಹೋದ ಸೋಮವಾರ ಬರೋರು. ಓಡಿಸ್ಕೊಂಡು ಬಂದು, ಬಿಸಿ ಆರೋ ತನಕ ಶೆಡ್ ಮುಂದೆ ಕೂತು, ಆಮೇಲೆ ಹೊದಿಕೆ ಹಾಕೋರು. 'ಅಮ್ಮಂಗೆ ಹೇಳ್ಬೇಡ ಮಾರಾಯ, ಅದರ ಸುದ್ದಿ ಎತ್ತಿದ್ರೆ ಅಳ್ತಾರೆ' ಅಂದಿದ್ರು. ನಿನ್ನೆ ನಾನು ಬಾಯಿ ಬಿಡ್ಬೇಕಿತ್ತು. ನಿಮ್ಮ ಸಿಟ್ಟು ನೋಡಿ ಹೆದ್ರಿಬಿಟ್ಟೆ."

ರಜೆಯ ದಿನ ಬಸ್ಸು ಹತ್ತಿ ಬಂದು ಅವರು ಈ ಕೆಲಸ ಮಾಡುತ್ತಿದ್ದರು. ಅದು ತಿಳಿದ ಮೇಲೂ ನಾನು ಹೋಗಲಿಲ್ಲ. ಹೋಗಿ ಏನು ಹೇಳಬೇಕು ಎಂದು ಯೋಚಿಸುತ್ತ ಒಂದು ವಾರ ಹೋಯಿತು. ಒಂದು ವಾರ ತಡವಾದ ಮೇಲೆ ಇನ್ನೂ ಕಷ್ಟವಾಯಿತು. ಫೋನು ಹಚ್ಚುತ್ತಿದ್ದೆ, ಒಂದು ಸಲ ರಿಂಗಾಗುವಷ್ಟರಲ್ಲಿ ಕಟ್ ಮಾಡುತ್ತಿದ್ದೆ.

ಮೂರು ತಿಂಗಳಾದ ಮೇಲೆ ಅವರೇ ಫೋನು ಮಾಡಿದರು. "ಅಮ್ಮಾ, ಚೆನ್ನಾಗಿದ್ದೀರಾ? ಬಿಳಿ ಗಾಡಿ ಇನ್ಶೂರೆನ್ಸ್ ಈ ತಿಂಗಳು ಮುಗಿಯುತ್ತೆ. ತಮ್ಮನವರಿಗೆ ನೆನಪಿರಲ್ಲ, ಹೇಳಿ" ಎಂದರು. ನಾನು "ಆಯ್ತು" ಎಂದೆ. ಅವರು ಸ್ವಲ್ಪ ಹೊತ್ತು ಕಾದರು. ಆ ಕಡೆ ಬಸ್ಸಿನ ಹಾರ್ನು ಕೇಳುತ್ತಿತ್ತು. "ಇಡ್ತೀನಮ್ಮಾ" ಎಂದು ಇಟ್ಟರು.

ಈ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದ್ದರಂತೆ, ಒಂದು ವಾರವೂ ಉಳಿಯಲಿಲ್ಲ. ಸುದ್ದಿ ನನಗೆ ತಿಳಿದದ್ದು ಮಣ್ಣಾದ ಮೂರು ದಿನಕ್ಕೆ, ಇಸ್ತ್ರಿಯವನಿಂದ.

ಇಷ್ಟು ವರ್ಷದಲ್ಲಿ ನಾನು ಮೊದಲ ಸಲ ಅವರ ಮನೆ ಬಾಗಿಲಿಗೆ ಹೋದೆ. ಭದ್ರಾವತಿಯ ನ್ಯೂಟೌನ್ ಕಡೆ, ಸಿಮೆಂಟು ಶೀಟಿನ ಎರಡು ಕೋಣೆಯ ಮನೆ. ಅವರ ಹೆಂಡತಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಕೈ ಹಿಡಿದುಕೊಂಡು ಅತ್ತರು. ಒಳಗೆ ಕರೆದು ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ಬೇಡವೆಂದರೂ ಕಾಫಿ ಮಾಡಿ ತಂದರು.

"ಕೊನೇ ತನಕ ನಿಮ್ಮ ಮಾತೇ ಅಮ್ಮಾ. 'ವಯಸ್ಸಾಯ್ತು, ಇಷ್ಟು ವರ್ಷ ಓಡಿಸಿದ್ದು ಸಾಕು, ಇನ್ನು ಮನೇಲಿರಿ ಅಂತ ಅಮ್ಮನೇ ಹೇಳಿ ಕಳಿಸಿದ್ರು' ಅಂತ ಬೀದೀಲೆಲ್ಲ ಹೇಳ್ಕೊಂಡು ಬಂದ್ರು. ಯಾವ ಓನರ್ ಹಾಗೆ ಹೇಳ್ತಾರೆ ಅಂತ ನಮ್ಮ ಓಣಿಯವರಿಗೆಲ್ಲ ಆಶ್ಚರ್ಯ."

ನಾನು ಲೋಟ ಕೆಳಗಿಟ್ಟೆ. ನಂತರ ಕೇಳಿದೆ, "ಆ ನೀಲಿ ಕಾರಲ್ಲಿ ನಿಮ್ಮನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ?"

"ಅಯ್ಯೋ, ನಾನು ಅದನ್ನ ಕಣ್ಣಲ್ಲೇ ನೋಡಿಲ್ಲಮ್ಮಾ. ತಿಂಗಳಿಗೊಂದ್ಸಲ ಈ ಕಡೆ ತರ್ತಿದ್ರಂತೆ. ಊರ ಹೊರಗೆ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲಿಂದ ಫೋನ್ ಮಾಡೋರು. ಊಟದ ಹೊತ್ತು, ಬಂದು ಹೋಗಿ ಅಂದ್ರೆ ಕೇಳ್ತಿರ್ಲಿಲ್ಲ. 'ಅಮ್ಮನ ಗಾಡಿ ಕೈಲಿದೆ, ಮನೆಗೆ ತರೋಕಾಗಲ್ಲ' ಅಂತ ಅಲ್ಲಿಂದ್ಲೇ ತಿರುಗಿಸ್ಕೊಂಡು ಹೋಗೋರು. ಒಂದ್ಸಲ ನನ್ನ ಮೊಮ್ಮಗಳು ನೋಡ್ಬೇಕು ಅಂತ ಹಟ ಮಾಡಿದ್ಲು. ಅದಕ್ಕೂ ತರ್ಲಿಲ್ಲ."

ಆಗ ನಾನು ಸುಮ್ಮನಿರಬೇಕಿತ್ತು. ಆದರೆ ಎಷ್ಟೋ ತಿಂಗಳಿಂದ ಎದೆಯಲ್ಲಿದ್ದದ್ದು, ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ರಸ್ತೆಯಲ್ಲಿ ಜನರ ಮುಂದೆ ಅವರನ್ನು ಏಕವಚನದಲ್ಲಿ ಕರೆದದ್ದು, ಹೆಂಡತಿ ಮಕ್ಕಳನ್ನು ಮೆರೆಸಿದೆ ಎಂದದ್ದು, ಕಳ್ಳತನ ಎಂದದ್ದು, ನಿಜ ಗೊತ್ತಾದ ಮೇಲೂ ಬರದೆ ಇದ್ದದ್ದು. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಗುತ್ತಿರುವುದು ನನಗೇ ಗೊತ್ತಾಗುತ್ತಿತ್ತು. ಅವರ ಮುಖ ಬೇರೆಯಾಗುತ್ತಿರುವುದೂ ಕಾಣುತ್ತಿತ್ತು.

"ನಮಗೆ ಗೊತ್ತಿರ್ಲಿಲ್ಲಮ್ಮಾ" ಎಂದರು. "ಅವ್ರು ಹೇಳೇ ಇರ್ಲಿಲ್ಲ. ನೀವೂ ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು."

ಆ ಮನೆಯಲ್ಲಿ ನನ್ನ ಹೆಸರಿಗೆ ಒಂದು ಗೀರೂ ಬೀಳದ ಹಾಗೆ ಅವರು ಸಾಯುವವರೆಗೆ ನೋಡಿಕೊಂಡಿದ್ದರು. ಗಂಡ ಮರ್ಯಾದೆಯಿಂದ ಮನೆಗೆ ಬಂದ ಎಂಬ ಸಮಾಧಾನವನ್ನು ಹೆಂಡತಿಗೆ ಉಳಿಸಿಹೋಗಿದ್ದರು. ಅದನ್ನೂ ನಾನು ಹೋಗಿ ಕಿತ್ತುಕೊಂಡು ಬಂದೆ.

ಎದ್ದು ಹೊರಡಲು ಹೋದೆ. ಅವರು ತಲೆ ಎತ್ತದೆ, "ಕಾಫಿ ಹಾಗೇ ಇದೆ. ಕುಡಿದು ಹೋಗಿ" ಎಂದರು. ನಿಂತುಕೊಂಡೇ ಕುಡಿದೆ. ಪೂರ್ತಿ ಆರಿತ್ತು.